ಸ್ಟೈಪೆಂಡ್‌ಗೆ ಲೆಕ್ಕ ಇದೆ, ಕಲಿಸಿದ್ದಕ್ಕೆ?

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಹಿಟ್ಟಿನ ಗಿರಣಿ ನಿಂತುಹೋಗಿತ್ತು. ರಾಗಿ ಚೀಲಗಳು ಬಾಗಿಲವರೆಗೂ ಸಾಲುಗಟ್ಟಿದ್ದವು. ಮೋಟರ್ ಬೇರಿಂಗ್ ಹೋಗಿದೆ ಎಂದು ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮೋಟರ್ ಬಿಚ್ಚಿಕೊಂಡು ಕೂತಿದ್ದ. ಅವನು ಐಟಿಐ ಫಿಟ್ಟರ್. ನಾನು ಬಿಇ ಮೆಕ್ಯಾನಿಕಲ್, ಮೂರನೇ ವರ್ಷ. ‘ಇಂಜಿನಿಯರ್ ಬಂದ ನೋಡಪ್ಪ’ ಎಂದು ದೊಡ್ಡಪ್ಪ ನಕ್ಕರು.

ಅಣ್ಣ ಶಾಫ್ಟನ್ನು ಬಟ್ಟೆಯಲ್ಲಿ ಒರೆಸಿ, ವರ್ನಿಯರ್ ಕ್ಯಾಲಿಪರನ್ನು ನನ್ನ ಕೈಗೆ ಕೊಟ್ಟು ‘ಎಷ್ಟೈತೆ ನೋಡಿ ಹೇಳು’ ಅಂದ. ಮೆಟ್ರಾಲಜಿ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಲೀಸ್ಟ್ ಕೌಂಟ್ ಸೂತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೇನ್ ಸ್ಕೇಲ್ 29 ತೋರಿಸುತ್ತಿತ್ತು. ವರ್ನಿಯರ್‌ನ 47ನೇ ಗೆರೆ ಕೂಡಿತ್ತು. ‘29.47’ ಅಂದೆ.

ಅಣ್ಣ ನಗಲಿಲ್ಲ. ‘47ನ್ನ 0.02ರಿಂದ ಗುಣಿಸಬೇಕಲ್ಲ ಕಣೋ. 29.94 ಐತೆ. ನೀನು ಹೇಳಿದಷ್ಟು ಸವೆದಿದ್ರೆ ಬೇರಿಂಗು ಬಳೆ ಥರ ಗಲಗಲ ಅಂತಿತ್ತು’ ಅಂದ. ಆಮೇಲೆ ಹಳೆಯ ಬೇರಿಂಗನ್ನು ತಿರುಗಿಸಿ ತೋರಿಸಿದ. ಅದರ ಮೇಲೆ 6206 ಎಂದಿತ್ತು. ‘ಕೊನೇ ಎರಡು ಅಂಕಿ ತಗೊಂಡು ಐದರಿಂದ ಗುಣಿಸು. ಆರೈದಲಿ ಮೂವತ್ತು. ಇದರ ಒಳಗಿನ ತೂತು 30 ಮಿಲಿಮೀಟರ್. ಶಾಫ್ಟು ಅದಕ್ಕೆ ಬಿಗಿಯಾಗಿ ಕೂರಬೇಕು. 29.94 ಆಗೈತೆ ಅಂದ್ರೆ ಬರೀ ಬೇರಿಂಗ್ ಬದಲಾಯಿಸಿದ್ರೆ ತಿಂಗಳಿಗೇ ಮತ್ತೆ ಹೋಗುತ್ತೆ. ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಹಾಕಿಸಬೇಕು.’

ಹತ್ತು ನಿಮಿಷದಲ್ಲಿ ಅವನು ಹೇಳಿದ್ದನ್ನು ನಾನು ಐದು ಸೆಮಿಸ್ಟರ್‌ಗಳಲ್ಲಿ ಯಾರಿಂದಲೂ ಕೇಳಿರಲಿಲ್ಲ. ಆ ಹೊತ್ತಿಗೆ ನನ್ನ ಮೊಬೈಲ್‌ನಲ್ಲಿ ಒಂದು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬೇರೆ ಇತ್ತು. ₹3,500 ಕಟ್ಟಿ, ನಾಲ್ಕು ವಾರ ಸಂಜೆ ಆನ್‌ಲೈನ್ ಕ್ಲಾಸಿಗೆ ಲಾಗಿನ್ ಆಗಿ, ಸೀನಿಯರ್ ಕೊಟ್ಟ ರಿಪೋರ್ಟಿನಲ್ಲಿ ಹೆಸರು ಬದಲಾಯಿಸಿ ಪಡೆದದ್ದು. ಅದರಲ್ಲಿ ಕ್ಯುಆರ್ ಕೋಡ್ ಇದೆ, ಹೊಳೆಯುವ ಮೊಹರು ಇದೆ, ‘ಪ್ರಾಯೋಗಿಕ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಸಾಲಿದೆ. ಒಂದು ನಟ್ಟನ್ನೂ ಮುಟ್ಟದ ತರಬೇತಿ ಅದು. ನಮ್ಮ ತರಗತಿಯಲ್ಲಿ ಇಂಥ ಸರ್ಟಿಫಿಕೇಟ್ ಇಲ್ಲದವರು ಕಡಿಮೆ.

ಒಂದೇ ವರ್ಷ, ಎರಡು ಪಾಠ

ಅಣ್ಣನಿಗೆ ಇದೆಲ್ಲ ಎಲ್ಲಿಂದ ಬಂತು? ಐಟಿಐ ಮುಗಿಸಿದ ಮೇಲೆ ಅವನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದ. ಬೆಳಗಿನ ಜಾವ ಎದ್ದು ಗುಬ್ಬಿಯಲ್ಲಿ ರೈಲು ಹತ್ತಿ ಯಶವಂತಪುರಕ್ಕೆ, ಅಲ್ಲಿಂದ ಬಸ್ಸು. ತಿಂಗಳಿಗೆ ₹7,000 ಸ್ಟೈಪೆಂಡ್. ಗಿರಣಿಯ ಕಟ್ಟೆಯ ಮೇಲೆ ಕೂತು ಅವನು ಆ ವರ್ಷದ ಕಥೆ ಹೇಳಿದ.

ಮೊದಲ ಆರು ತಿಂಗಳು ಅವನನ್ನು ಮೇಂಟೆನೆನ್ಸ್ ವಿಭಾಗದ ಹಿರಿಯ ಫಿಟ್ಟರ್ ಒಬ್ಬರ ಕೈಕೆಳಗೆ ಹಾಕಿದ್ದರು. ಎಲ್ಲರೂ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದರಂತೆ. ಅವರೂ ಹುಡುಗನಾಗಿದ್ದಾಗ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಲಿತವರು. ಮೊದಲ ಎರಡು ವಾರ ಒಂದು ಕಬ್ಬಿಣದ ತುಂಡನ್ನು ಕೊಟ್ಟು ಅರ ಹಾಕಿ ಚೌಕ ಮಾಡು ಎಂದರು. ಪ್ರತಿ ಸಂಜೆ ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದು, ಸಂದಿನಲ್ಲಿ ಬೆಳಕು ಕಂಡರೆ ‘ನಾಳೆ ಮತ್ತೆ’ ಎನ್ನುತ್ತಿದ್ದರು. ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಮನೆಯ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದು ಕೇಳುವುದನ್ನು ಕಲಿಸಿದರು. ಬೇರಿಂಗನ್ನು ಶಾಫ್ಟಿಗೆ ಹಾಕುವಾಗ ಸುತ್ತಿಗೆಯಿಂದ ಹೊರಬಳೆಗೆ ಹೊಡೆಯಬಾರದು, ಬಿಸಿ ಮಾಡಿ ಹಿಗ್ಗಿಸಿ ಕೂರಿಸಬೇಕು ಎಂದು ಬೈದು ಹೇಳಿಕೊಟ್ಟರು. ವರ್ನಿಯರ್ ಓದುವುದನ್ನೂ ಅವರೇ ಕಲಿಸಿದ್ದು.

ಆರು ತಿಂಗಳಾದ ಮೇಲೆ ಮೇಷ್ಟ್ರು ನಿವೃತ್ತರಾದರು. ಮರುದಿನವೇ ಸೂಪರ್‌ವೈಸರ್ ಅಣ್ಣನನ್ನು ಡ್ರಿಲ್ಲಿಂಗ್ ಮಷೀನಿಗೆ ಹಾಕಿದರು. ಒಂದೇ ಬ್ರಾಕೆಟ್, ಒಂದೇ ಜಾಗ, 8 ಮಿಲಿಮೀಟರಿನ ಒಂದೇ ತೂತು. ಶಿಫ್ಟಿಗೆ ಇಷ್ಟು ಎಂಬ ಟಾರ್ಗೆಟ್. ಉಳಿದ ಆರು ತಿಂಗಳು ಅಷ್ಟೇ. ‘ಮೊದಲನೇ ದಿನ ಎಷ್ಟು ಗೊತ್ತಿತ್ತೋ ಕೊನೇ ದಿನವೂ ಅಷ್ಟೇ ಗೊತ್ತಿತ್ತು’ ಅಂದ. ವರ್ಷದ ಕೊನೆಗೆ ಲಾಗ್‌ಬುಕ್ ತರಿಸಿಕೊಂಡು, ಹನ್ನೆರಡು ತಿಂಗಳ ಸಹಿಯನ್ನೂ ಒಂದೇ ಕೂರಿಕೆಯಲ್ಲಿ ಒಂದೇ ಪೆನ್ನಿನಲ್ಲಿ ಹಾಕಿಕೊಟ್ಟರು. ಪರೀಕ್ಷೆ ಬರೆದ, ಪಾಸಾದ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಬಂತು. ಅವನ ಬ್ಯಾಚಿನಲ್ಲಿ ಯಾರನ್ನೂ ಉಳಿಸಿಕೊಳ್ಳಲಿಲ್ಲ. ಮುಂದಿನ ಬ್ಯಾಚ್ ಆಗಲೇ ಗೇಟಿನ ಬಳಿ ನಿಂತಿತ್ತು. ಈಗ ಅವನು ಬೇರೊಂದು ಕಡೆ ಗುತ್ತಿಗೆ ಕಾರ್ಮಿಕ.

ಗಮನಿಸಿ. ಅದೇ ಕಾರ್ಖಾನೆ, ಅದೇ ಒಪ್ಪಂದ, ಅದೇ ಸ್ಟೈಪೆಂಡ್. ಸರ್ಕಾರದ ದಾಖಲೆಯಲ್ಲಿ ಎರಡೂ ಅರ್ಧ ಒಂದೇ. ಆದರೆ ಒಂದು ಅರ್ಧ ಅವನನ್ನು ಫಿಟ್ಟರ್ ಮಾಡಿತು, ಇನ್ನೊಂದು ಅರ್ಧ ಅವನಿಂದ ತೂತು ಕೊರೆಸಿತು. ಮಧ್ಯೆ ಬದಲಾದದ್ದು ಒಂದೇ, ಕಲಿಸುವವರು ಇಲ್ಲವಾದರು.

ಕಾಯ್ದೆ ಏನು ಹೇಳುತ್ತದೆ?

ಊರಿನಿಂದ ಬಂದ ಮೇಲೆ ನನಗೆ ಕುತೂಹಲ ಬಿಡಲಿಲ್ಲ. ಅಪ್ರೆಂಟಿಸ್ ಕಾಯ್ದೆಯನ್ನು ಓದಲು ಕೂತೆ. 1961ರ ಕಾಯ್ದೆ ಅದು. ಮೊದಲು ಐಟಿಐ ಮಾದರಿಯ ಟ್ರೇಡ್‌ಗಳಿಗಷ್ಟೇ ಇತ್ತು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು. 2014ರಲ್ಲಿ ಮತ್ತೊಂದು ದೊಡ್ಡ ತಿದ್ದುಪಡಿ ಬಂತು. ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ.

ಕಾಯ್ದೆಯ 18ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಹಾಗಾಗಿ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಆರೋಗ್ಯ, ಸುರಕ್ಷತೆ, ಕಲ್ಯಾಣದ ನಿಯಮಗಳು ಮಾತ್ರ ಅನ್ವಯಿಸುತ್ತವೆ. ಕೆಲಸದಲ್ಲಿ ಗಾಯವಾದರೆ ಪರಿಹಾರವೂ ಉಂಟು. ಈ ಸೆಕ್ಷನ್ನಿನ ಹಿಂದಿರುವ ಒಪ್ಪಂದ ನ್ಯಾಯವಾದದ್ದೇ. ನೀನು ದುಡಿಯಲು ಬಂದಿಲ್ಲ, ಕಲಿಯಲು ಬಂದಿದ್ದೀಯ. ಆದ್ದರಿಂದ ನಿನಗೆ ಸಂಬಳವಿಲ್ಲ, ಸ್ಟೈಪೆಂಡ್. ಆದರೆ ಕಲಿಕೆಯೇ ಇಲ್ಲದಿದ್ದರೆ ಒಪ್ಪಂದದ ಅರ್ಧ ಭಾಗ ಬಿದ್ದುಹೋಯಿತು. ಉಳಿಯುವುದು ಕಾರ್ಮಿಕನ ಹಕ್ಕಿಲ್ಲದ ಕಾರ್ಮಿಕ.

ದುಡ್ಡಿನ ಕಡೆಯಿಂದಲೂ ನೋಡೋಣ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡ್‌ನ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ ₹1,500ರವರೆಗೆ, ಭರಿಸುತ್ತದೆ. 2023ರಿಂದ ಆ ಹಣ ನೇರವಾಗಿ ಹುಡುಗರ ಬ್ಯಾಂಕ್ ಖಾತೆಗೆ ಬೀಳುತ್ತಿದೆ. ಇದು ಒಳ್ಳೆಯ ಬದಲಾವಣೆ. ₹7,000 ಸ್ಟೈಪೆಂಡ್‌ನಲ್ಲಿ ಸರ್ಕಾರದ ₹1,500 ಕಳೆದರೆ ಕಾರ್ಖಾನೆ ಕೊಡುವುದು ₹5,500. ಕಲಿಸುವ ಕಾರ್ಖಾನೆಗೆ ಇದು ನ್ಯಾಯವಾದ ನೆರವು. ಕಲಿಸದ ಕಾರ್ಖಾನೆಗೆ ಇದು ₹5,500ಕ್ಕೆ ತಿಂಗಳಿಡೀ ಸಿಗುವ ಡ್ರಿಲ್ಲಿಂಗ್ ಆಪರೇಟರ್. ಎರಡಕ್ಕೂ ಹೋಗುವುದು ಒಂದೇ ತೆರಿಗೆ ಹಣ.

‘ಕಲಿಸೋ ಟೈಮಿಗೆ ಯಾರು ದುಡ್ಡು ಕೊಡ್ತಾರೆ?’

ಇಷ್ಟು ಓದಿ ಮಾಲೀಕರೆಲ್ಲ ಕೆಟ್ಟವರು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ. ಅದನ್ನು ಬದಲಾಯಿಸಿದ್ದು ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪ್. ಸೆಮಿಸ್ಟರ್ ರಜೆಯಲ್ಲಿ ಮೂರು ವಾರ ಅಲ್ಲಿಗೆ ಹೋಗಿ ನಿಲ್ಲುತ್ತೇನೆ, ದುಡ್ಡು ಬೇಡ ಎಂದು ಅಣ್ಣನ ಪರಿಚಯದ ಮೇಲೆ ಕೇಳಿಕೊಂಡೆ. ನಾಲ್ಕು ಲೇತ್, ಎರಡು ಮಿಲ್ಲಿಂಗ್ ಮಷೀನು, ಒಂದು ಸಿಎನ್‌ಸಿ. ಹತ್ತು ಜನ ಕೆಲಸಗಾರರು.

ಮಾಲೀಕರನ್ನು ನೇರವಾಗಿ ಕೇಳಿದೆ: ‘ಸರ್, ನೀವ್ಯಾಕೆ ಅಪ್ರೆಂಟಿಸ್ ತಗೊಳಲ್ಲ?’

ಅವರು ಲೇತ್ ಮುಂದೆ ನಿಂತಿದ್ದ ಒಬ್ಬರನ್ನು ತೋರಿಸಿದರು. ‘ನೋಡಪ್ಪ, ಅವ್ರು ನನ್ನ ಬೆಸ್ಟ್ ಟರ್ನರ್. ಹುಡುಗನಿಗೆ ಕಲಿಸಬೇಕಂದ್ರೆ ಅವ್ರೇ ಕಲಿಸಬೇಕು. ದಿನಕ್ಕೆ ಎರಡು ಗಂಟೆ ಅವ್ರ ಮಷೀನ್ ನಿಲ್ಲುತ್ತೆ. ಹುಡುಗ ನಾಲ್ಕು ಪೀಸ್ ಕೆಡಿಸ್ತಾನೆ, ಕೆಡಿಸದೆ ಯಾರೂ ಕಲಿಯಲ್ಲ. ವರ್ಷ ಆದ್ಮೇಲೆ ಎರಡು ಸಾವಿರ ಜಾಸ್ತಿ ಅಂತ ಪಕ್ಕದ ಶೆಡ್ಡಿಗೆ ಹೋಗ್ತಾನೆ. ಅವನ ತಪ್ಪೇನಿಲ್ಲ, ನಾನಾದ್ರೂ ಹೋಗ್ತಿದ್ದೆ. ಸರ್ಕಾರ ಹುಡುಗನ ಸ್ಟೈಪೆಂಡಲ್ಲಿ ಪಾಲು ಕೊಡುತ್ತೆ, ಸರಿ. ಕಲಿಸೋ ಟೈಮಿಗೆ ಯಾರು ದುಡ್ಡು ಕೊಡ್ತಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಯೋಚಿಸಿದರೆ ಅಣ್ಣನ ಕಥೆಗೂ ಇವರ ಮಾತಿಗೂ ಗಂಟು ಒಂದೇ. ನಾವು ಲೆಕ್ಕ ಹಾಕುವುದೆಲ್ಲ ಹುಡುಗರ ತಲೆ: ಎಷ್ಟು ಜನ ನೋಂದಾಯಿಸಿದರು, ಎಷ್ಟು ಜನ ಮುಗಿಸಿದರು, ಎಷ್ಟು ಸ್ಟೈಪೆಂಡ್ ಹೋಯಿತು. ಪಕ್ಕದಲ್ಲಿ ನಿಂತು ‘ನಾಳೆ ಮತ್ತೆ’ ಎನ್ನುವ ಮನುಷ್ಯ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅವನಿಗೆ ಕಲಿಸಿದ್ದಕ್ಕೆ ಭತ್ಯೆ ಇಲ್ಲ, ಟಾರ್ಗೆಟ್‌ನಲ್ಲಿ ವಿನಾಯಿತಿ ಇಲ್ಲ, ಹೆಸರೂ ಇಲ್ಲ. ಮೇಷ್ಟ್ರು ಕಲಿಸಿದ್ದು ಅವರ ಒಳ್ಳೆಯತನದಿಂದ. ಒಂದು ದೇಶದ ಕೌಶಲ ನೀತಿ ಒಬ್ಬೊಬ್ಬರ ಒಳ್ಳೆಯತನದ ಮೇಲೆ ಎಷ್ಟು ದಿನ ನಡೆದೀತು?

ನಮ್ಮ ಬಿಇ ಹುಡುಗರ ಪಾಡು

ಇದು ಐಟಿಐ ಹುಡುಗರ ವಿಷಯ, ನಮಗೇನು ಎನ್ನಬೇಡಿ. ಪದವೀಧರರಿಗೂ ಡಿಪ್ಲೊಮಾದವರಿಗೂ ಶಿಕ್ಷಣ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ, ‘ನ್ಯಾಟ್ಸ್’ ಎನ್ನುತ್ತಾರೆ. ಕರ್ನಾಟಕ ಸೇರಿ ದಕ್ಷಿಣದ ರಾಜ್ಯಗಳಿಗೆ ಅದರ ಮಂಡಳಿ ಚೆನ್ನೈನಲ್ಲಿದೆ. ಪದವಿ ಮುಗಿದು ಐದು ವರ್ಷದೊಳಗಿನವರು ಒಂದು ವರ್ಷದ ತರಬೇತಿಗೆ ಅರ್ಜಿ ಹಾಕಬಹುದು. ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಇದರಡಿ ಅಪ್ರೆಂಟಿಸ್‌ಗಳನ್ನು ಕರೆಯುತ್ತವೆ. 2019ರ ನಿಯಮ ಪದವೀಧರರಿಗೆ ಕನಿಷ್ಠ ₹9,000 ನಿಗದಿ ಮಾಡಿತು. ಅದರಲ್ಲಿ ಅರ್ಧ ಸರ್ಕಾರದ್ದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಸ್ಟೈಪೆಂಡನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು. ಆ ಲೆಕ್ಕದಲ್ಲಿ ಪದವೀಧರರಿಗೆ ₹12,300.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದರು: ‘ಒಂಬತ್ತು ಸಾವಿರಕ್ಕೆ ಬಿಇ ಓದಬೇಕಿತ್ತೇನೋ?’ ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನನ್ನ ಫೀಸಿಗೆ ಬ್ಯಾಂಕ್ ಸಾಲ ಇದೆ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಆ ಹಣದಲ್ಲಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ರಾಜ್ಯದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000 ಸಿಗುತ್ತದೆ, ಎರಡು ವರ್ಷದವರೆಗೆ. ಅದು ಅರ್ಜಿ ಶುಲ್ಕ, ಬಸ್ ಚಾರ್ಜಿಗೆ ಆಸರೆ. ಕೈಕೆಲಸ ಕಲಿಯುವುದಕ್ಕೆ ಅಷ್ಟು ಸಾಲದು.

ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಸುಲಭದ ದಾರಿ ಹಿಡಿಯುತ್ತೇವೆ. ಇಂಟರ್ನ್‌ಶಿಪ್ ಕಡ್ಡಾಯ ಎಂದು ಪಠ್ಯಕ್ರಮ ಹೇಳುತ್ತದೆ. ಕಡ್ಡಾಯವಾದ ಕೂಡಲೇ ಸರ್ಟಿಫಿಕೇಟ್ ಮಾರುವವರು ಹುಟ್ಟಿಕೊಳ್ಳುತ್ತಾರೆ. ಕೊಂಡವರಲ್ಲಿ ನಾನೂ ಒಬ್ಬ, ಅದನ್ನು ಮೊದಲೇ ಒಪ್ಪಿಕೊಂಡಿದ್ದೇನೆ. ಕಾಲೇಜು ಹಾಳೆ ಕೇಳುತ್ತದೆ, ನಾವು ಹಾಳೆ ತಂದುಕೊಡುತ್ತೇವೆ. ಯಾರು ಕಲಿಸಿದರು ಎಂದು ಕಾಲೇಜೂ ಕೇಳುವುದಿಲ್ಲ. ಅಣ್ಣನ ಒಂದೇ ಪೆನ್ನಿನ ಲಾಗ್‌ಬುಕ್‌ಗೂ ನನ್ನ ಕ್ಯುಆರ್ ಕೋಡ್ ಸರ್ಟಿಫಿಕೇಟ್‌ಗೂ ಏನು ವ್ಯತ್ಯಾಸ?

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಸುತ್ತಲ ಹಳ್ಳಿಗಳ ಪ್ರತಿ ಮನೆಯಲ್ಲೂ ‘ನಮ್ಮ ಹುಡುಗನಿಗೆ ಅಲ್ಲೊಂದು ಕೆಲಸ ಸಿಕ್ಕೀತೇ’ ಎಂಬ ಮಾತಿದೆ. ಹೆಲಿಕಾಪ್ಟರ್ ಜೋಡಿಸುವ ಕಡೆ 29.94ನ್ನು 29.47 ಎಂದು ಓದುವವನಿಗೆ ಏನು ಕೆಲಸ? ಕಾರ್ಖಾನೆ ನಮ್ಮ ಊರಿಗೆ ಬಂದರೆ ಸಾಲದು, ಅದರ ಗೇಟಿನ ಒಳಗೆ ಹೋಗುವಷ್ಟು ನಮಗೆ ಯಾರಾದರೂ ಕಲಿಸಿರಬೇಕು.

ಸಹಿ ಹಾಕುವ ಮೊದಲು

ಅಪ್ರೆಂಟಿಸ್ ಆಗಲು ಹೊರಟಿರುವ ಗೆಳೆಯ ಗೆಳತಿಯರಿಗೆ ನಾನು ಕಂಡುಕೊಂಡ ಕೆಲವು ವಿಷಯ ಹೇಳುತ್ತೇನೆ. ಮೊದಲನೆಯದು, ಒಪ್ಪಂದ. ‘ಟ್ರೇನಿ’ ಎಂಬ ಐಡಿ ಕಾರ್ಡ್ ಸಿಕ್ಕಿದ ಮಾತ್ರಕ್ಕೆ ನೀವು ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆಗುವುದಿಲ್ಲ. ನಿಮ್ಮ ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಅದರ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನೋಂದಣಿ ಇಲ್ಲದಿದ್ದರೆ ಕೊನೆಗೆ ಸರ್ಕಾರಿ ಪ್ರಮಾಣಪತ್ರವೂ ಇಲ್ಲ. ಎರಡನೆಯದು, ಯಾವ ಟ್ರೇಡ್, ಯಾವ ತಿಂಗಳು ಯಾವ ವಿಭಾಗ, ಯಾರ ಕೈಕೆಳಗೆ ಎಂದು ಮೊದಲ ವಾರವೇ ಕೇಳಿ. ಮೂರನೆಯದು, ಲಾಗ್‌ಬುಕ್ಕನ್ನು ನೀವೇ ದಿನದಿನವೂ ಬರೆಯಿರಿ. ಡ್ರಿಲ್ಲಿಂಗ್ ಮಾಡಿದ್ದರೆ ಡ್ರಿಲ್ಲಿಂಗ್ ಎಂದೇ ಬರೆಯಿರಿ. ನಾಲ್ಕನೆಯದು, ಹಿಂದಿನ ಬ್ಯಾಚಿನ ಇಬ್ಬರನ್ನಾದರೂ ಹುಡುಕಿ ಮಾತನಾಡಿ. ಕಂಪನಿಯ ಜಾಹೀರಾತಿಗಿಂತ ಅವರ ಎರಡು ಮಾತು ಹೆಚ್ಚು ಹೇಳುತ್ತದೆ.

ಕೆಲಸ ಸಿಗುತ್ತದೆ ಎಂಬ ಭರವಸೆಯನ್ನು ಕಾಯ್ದೆ ಕೊಡುವುದಿಲ್ಲ, ಇದು ತಿಳಿದಿರಲಿ. ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಸಂಸ್ಥೆ ತನ್ನದೇ ನೀತಿ ಮಾಡಿಕೊಳ್ಳಬೇಕು ಎಂದಷ್ಟೇ 2014ರ ತಿದ್ದುಪಡಿ ಹೇಳುತ್ತದೆ. ಆ ನೀತಿ ಏನು ಎಂದು ಕೇಳುವ ಹಕ್ಕು ನಮಗಿದೆ. ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಅರ್ಹತೆ ಸಮವಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು ಎಂದಿತ್ತು. ರೈಲ್ವೆ ತನ್ನ ಲೆವೆಲ್-1 ನೇಮಕಾತಿಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಶೇ 20ರಷ್ಟು ಹುದ್ದೆ ಮೀಸಲಿಟ್ಟಿದೆ. ಮನಸ್ಸು ಮಾಡಿದರೆ ದಾರಿ ಇದೆ ಎನ್ನುವುದಕ್ಕೆ ಇಷ್ಟು ಸಾಕು.

ಸರ್ಕಾರಕ್ಕೆ ನನ್ನದೊಂದೇ ಕೋರಿಕೆ. ಸ್ಟೈಪೆಂಡ್ ಏರಿಸಿ, ಖಂಡಿತ ಏರಿಸಿ. ಅದರ ಜೊತೆಗೆ ಕಲಿಸುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಒಪ್ಪಂದದಲ್ಲಿ ಕಲಿಸುವ ಕೆಲಸಗಾರರ ಹೆಸರು ಇರಲಿ. ಕಲಿಸಿದ ಗಂಟೆಗೆ ಅವರಿಗೊಂದು ಭತ್ಯೆ ಇರಲಿ. ಸಣ್ಣ ವರ್ಕ್‌ಶಾಪ್‌ಗಳಿಗೆ ಆ ಭತ್ಯೆಯನ್ನು ಸರ್ಕಾರವೇ ಕೊಡಲಿ. ಹೋದ ಬ್ಯಾಚಿನಲ್ಲಿ ಎಷ್ಟು ಜನರನ್ನು ಉಳಿಸಿಕೊಂಡಿರಿ ಎಂಬುದು ಪೋರ್ಟಲ್‌ನಲ್ಲಿ ಕಂಪನಿಯ ಹೆಸರಿನ ಪಕ್ಕದಲ್ಲೇ ಕಾಣಲಿ. ಆಗ ಹುಡುಗರೇ ಒಳ್ಳೆಯ ಕಾರ್ಖಾನೆಯನ್ನು ಆರಿಸಿಕೊಳ್ಳುತ್ತಾರೆ.

ಆ ಮೂರು ವಾರದಲ್ಲಿ ನಾನು ಏಳು ಪೀಸ್ ಕೆಡಿಸಿದೆ. ಟರ್ನರ್ ಅಣ್ಣನವರು ಮೊದಲ ದಿನ ಮುಖ ಗಂಟಿಕ್ಕಿದರು. ಮೂರನೇ ವಾರ ಅವರೇ ‘ಬಾ, ಈ ಸೈಜ್ ಹಿಡಿ’ ಎಂದು ಕರೆದರು. ದೊಡ್ಡಪ್ಪನ ಶಾಫ್ಟನ್ನು ಕಡೆದುಕೊಟ್ಟವರೂ ಅವರೇ. ಆ ಗಿರಣಿ ಈಗ ಸದ್ದಿಲ್ಲದೆ ತಿರುಗುತ್ತಿದೆ.

ಮುಂದಿನ ವರ್ಷ ಬಿಇ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕುತ್ತೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಕಲಿಸುವವರು ಇರುವ ಕಡೆ ಮಾತ್ರ ಸೇರುತ್ತೇನೆ, ಒಂದು ವರ್ಷ ಸಾಲದ ಕಂತಿಗೆ ಟ್ಯೂಷನ್ ಹೇಳಿಯಾದರೂ ಹೊಂದಿಸುತ್ತೇನೆ ಎಂದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ‘ಮೊದಲು ಪಾಸಾಗು’ ಅಂದರು. ಅಣ್ಣ ಮಾತ್ರ ತನ್ನ ವರ್ನಿಯರನ್ನು ನನ್ನ ಬ್ಯಾಗಿಗೆ ಹಾಕಿ ಕಳಿಸಿದ್ದಾನೆ. ಈಗ ಅದನ್ನು ಸರಿಯಾಗಿ ಓದುತ್ತೇನೆ.